ನಾಯಿಗೂಡಿನ ನಲವತ್ನಾಲ್ಕು

ಎಫ್ರೇಮ್ ಪಿಟ್ಕಾನ ಫಜೀತಿಗೆಲ್ಲ ಕಾರಣ ಪಕ್ಕದ ಮನೆಯ ಓರ್ವಿಲ್ ತನ್ನ ನಾಯಿಗೂಡಿಗೆ ನೇತುಹಾಕಿದ್ದ ಒಂದು ಥರ್ಮಾಮೀಟರು.

ಅಂದು ಜನವರಿ ಮೂವತ್ತೊಂದು. ಎರಡು ವರ್ಷಕ್ಕೊಮ್ಮೆ ಶಿಕ್ಷಕರೊಡನೆ ಹಾರಿ ಅವರ ಸಹಿ ಪಡೆಯದಿದ್ದರೆ ಅಲಾಸ್ಕಾದಲ್ಲಿ ಸ್ವಂತ ವಿಮಾನವನ್ನೂ ಹಾರಿಸುವಂತಿಲ್ಲ. ಎಫ್ರೇಮ್‌ನ ಗಡುವು ಅಂದೇ ಮುಗಿಯುತ್ತಿತ್ತು. ಸಹಿ ಹಾಕಬೇಕಾದ, ಆ ಸೀಮೆಗೆಲ್ಲ ಒಬ್ಬರೇ ಶಿಕ್ಷಕಿಯಾದ ಹಾಲ್ವರ್ಸನ್ ಮೇಡಂ ಬೆಟ್ಟಸಾಲಿನ ಆಚೆಯ ಊರಿನಲ್ಲಿದ್ದರು. ಸಹಿ ತಪ್ಪಿದರೆ ಅರವತ್ತು ಮೈಲಿ ದೂರದ ಕಾಡಿನಲ್ಲಿ ತುಪ್ಪಳದ ಪ್ರಾಣಿಗಳಿಗೆ ಅವನು ಒಡ್ಡಿದ್ದ ಬೋನುಗಳ ಬಳಿ ಹೋಗುವಂತಿಲ್ಲ. ಅಲ್ಲಿಗೆ ವಿಮಾನ ಬಿಟ್ಟರೆ ಬೇರೆ ದಾರಿಯಿಲ್ಲ.

ಎಫ್ರೇಮ್‌ಗೆ ಅಳುಕಿರಲಿಲ್ಲ. ಎಂಜಿನ್ನಿಗೆ ಹೀಟರ್ ಇಟ್ಟು, ಮೇಲೆ ಕೌದಿ ಹೊದಿಸಿ, ಟಿಲ್ಡಾ ಆಂಟಿಯ ಅಂಗಡಿಯಲ್ಲಿ ಒಲೆಯ ಪಕ್ಕ, ಮೇಡಂಗೆ ತೋರಿಸಬೇಕಾದ ಹಾರಾಟದ ಲೆಕ್ಕಕ್ಕೆ ಕುಳಿತಿದ್ದ. ಕಡುಚಳಿಯಲ್ಲಿ ಎತ್ತರದ ಮಾಪಕ, ತಾನು ಹಿಡಿದ ಮೀನಿನ ಉದ್ದ ಹೇಳುವವನ ಹಾಗೆ, ಇದ್ದದ್ದಕ್ಕಿಂತ ಹೆಚ್ಚೇ ಹೇಳುತ್ತದೆ. ನಂಬಿ ಹೋದವನಿಗೆ ಬೆಟ್ಟ ಎದುರಾಗುತ್ತದೆ. ಅದಕ್ಕೇ ಚಳಿ ಹೆಚ್ಚಿದಷ್ಟೂ ಮಾಪಕದ ಮೇಲೆ ಹೆಚ್ಚು ಅಡಿ ಸೇರಿಸಿ ಹಾರಬೇಕು. ಬೆಟ್ಟದ ತುದಿ 3,800 ಅಡಿ; ಮೇಲೆ ಸಾವಿರ ಅಡಿ ಅಂತರ; ವಿಮಾನ ನಿಲ್ದಾಣದಲ್ಲಿ ಮೈನಸ್ 38 ಇದ್ದುದರಿಂದ ಕೋಷ್ಟಕದಂತೆ ಇನ್ನೊಂದು ಸಾವಿರ. ಒಟ್ಟು 5,800.

“ಮೂವತ್ತೆಂಟಾ?” ಓರ್ವಿಲ್ ಹೆಗಲ ಮೇಲಿಂದ ಇಣುಕಿದ. “ನಮ್ಮ ನಾಯಿಗೂಡಲ್ಲಿ ನಲವತ್ನಾಲ್ಕು ಇದೆ ಕಣೋ.”

“ನಿನ್ನ ನಾಯಿಗೂಡು ಹೊಳೆ ಪಕ್ಕದ ತಗ್ಗಲ್ಲಿದೆ. ನಾನು ಹಾರೋದು ನಿಲ್ದಾಣದಿಂದ.”

“ಎಲ್ಲಿಂದಾದ್ರೂ ಹಾರು. ಬೀಳೋದೆಲ್ಲಿ ಅಂತ ಯೋಚ್ನೆ ಮಾಡು.”

“ನನ್ನ ಬಾಗಿಲಲ್ಲಿ ನಲವತ್ತೊಂದು!” ಎಂದರು ಟಿಲ್ಡಾ ಆಂಟಿ.

“ಆಂಟಿ, ನಿಮ್ಮ ಥರ್ಮಾಮೀಟರು ಜುಲೈನಲ್ಲೂ ಹಿಮ ಬೀಳಿಸಿತ್ತು.”

“ನಗು, ನಗು. ಹೆಚ್ಚು ಚಳಿ ಬರೆದ್ರೆ ನೂರೈವತ್ತು ಅಡಿ ಹೆಚ್ಚು ಎತ್ತರ ಹಾರ್ತೀಯ. ಆಕಾಶಕ್ಕೇನು ಬಾಡಿಗೆ ಕಟ್ಬೇಕಾ?”

ಹೆಚ್ಚು ಎತ್ತರ ಹಾರಿದರೆ ನಷ್ಟವೇನಿಲ್ಲ ಎಂದು ಎಫ್ರೇಮ್‌ಗೂ ಅನಿಸಿತು. ಅಷ್ಟರಲ್ಲಿ ಓರ್ವಿಲ್‌ನ ಮೊಣಕೈ ತಾಗಿ ಕಾಫಿ ಹಾಳೆಯ ಮೇಲೆ ಚೆಲ್ಲಿತು. ಎಫ್ರೇಮ್ ಹೊಸ ಹಾಳೆ ತೆಗೆದ. “ಪೆನ್ನಲ್ಲಿ ಬರಿ. ಪೆನ್ಸಿಲ್ ಕಂಡ್ರೆ ಆ ಮೇಡಂಗೆ ಆಗಲ್ಲ,” ಎಂದರು ಆಂಟಿ. ಎಫ್ರೇಮ್ ದುಂಡಗೆ ಬರೆದ: ಉಷ್ಣಾಂಶ ಮೈನಸ್ 44. ಎತ್ತರ 5,950.

ನಿಲ್ದಾಣದಲ್ಲಿ, ವಿಮಾನಕ್ಕೆ ಚಕ್ರಗಳ ಬದಲು ಕಟ್ಟಿದ್ದ ಸ್ಕೀಗಳು ಹಿಮಕ್ಕೆ ಅಂಟಿಕೊಂಡಿದ್ದವು. ಓರ್ವಿಲ್ ಮರದ ಸುತ್ತಿಗೆಯಿಂದ ತಟ್ಟಿದ, ಆಂಟಿ ಬಾಲ ಹಿಡಿದು ಅಲ್ಲಾಡಿಸಿದರು, ವಿಮಾನ ಬಿಟ್ಟುಕೊಂಡ ರಭಸಕ್ಕೆ ಇಬ್ಬರೂ ಹಿಮದಲ್ಲಿ ಕೂತರು. ಎಫ್ರೇಮ್ ಬೆಟ್ಟವನ್ನು ಬೇಕಾದಷ್ಟು ಕೆಳಗೆ ಬಿಟ್ಟು ದಾಟಿದ. ಮುಕ್ಕಾಲು ಗಂಟೆಯಲ್ಲಿ ಆಚೆ ಊರಿನಲ್ಲಿ ಇಳಿದ.

ಹಾಲ್ವರ್ಸನ್ ಮೇಡಂ ಹಾಳೆಯನ್ನು ಎರಡು ಸಲ ಓದಿದರು.

“ಲೆಕ್ಕ ಒಂದಡಿನೂ ತಪ್ಪಿಲ್ಲ. ಇಂಥ ಹಾಳೆ ನೋಡಿ ಹತ್ತು ವರ್ಷ ಆಯ್ತು, ಎಫ್ರೇಮ್.”

ಎಫ್ರೇಮ್‌ನ ಎದೆ ಮೇಲಂಗಿಯ ಗುಂಡಿ ಹಿಡಿದೆಳೆಯುವಷ್ಟು ಉಬ್ಬಿತು.

“ಆದ್ರೆ ಮೈನಸ್ ನಲವತ್ತರ ಕೆಳಗೆ ವಿಮಾನ ಹೊರಗೆ ತೆಗೀಬಾರ್ದು ಅಂತ ನಿನಗೆ ಯಾರು ಕಲಿಸಿದ್ದು?”

“ನೀವೇ, ಮೇಡಂ.”

“ಇಲ್ಲಿ ನಲವತ್ನಾಲ್ಕು ಅಂತಿದೆ.”

“ಅದು... ನಾಯಿಗೂಡಿಂದು. ನಿಲ್ದಾಣದಲ್ಲಿ ಮೂವತ್ತೆಂಟೇ.”

ಮೇಡಂ ಕನ್ನಡಕ ತೆಗೆದರು. “ಅಂದ್ರೆ ನಲವತ್ನಾಲ್ಕರಲ್ಲಿ ಹಾರಿ ಬಂದ್ಯಾ, ಇಲ್ಲ ನನ್ನ ಮುಂದೆ ಸುಳ್ಳು ಹಾಳೆ ಇಟ್ಟಿದ್ದೀಯಾ? ಯಾವುದಾದ್ರೂ ಒಂದು ಹೇಳು. ನಾನು ಎರಡಕ್ಕೂ ಸಹಿ ಹಾಕಲ್ಲ.”

ವಿಮಾನದ ಕೀಲಿ ಅವರ ಜೇಬು ಸೇರಿತು. ಮರುದಿನ ಅವರು ಮಗಳ ಮನೆಗೆ ಹವಾಯಿಗೆ ಹೊರಡುವವರು, ಬರುವುದು ಮಾರ್ಚ್‌ನಲ್ಲಿ.

ಮೇಡಂ ಮನೆಯಿಂದಲೇ ಎಫ್ರೇಮ್ ಓರ್ವಿಲ್‌ಗೆ ಫೋನ್ ಮಾಡಿದ.

“ಸಹಿ ಸಿಗ್ಲಿಲ್ವಾ? ಅಯ್ಯೋ ಪಾಪ!” ಓರ್ವಿಲ್ ನಿಜವಾಗಿಯೂ ಮರುಗಿದ. “ನೀನೇನೂ ಚಿಂತೆ ಮಾಡ್ಬೇಡ. ನಿನ್ನ ಬೋನುಗಳ್ನ ನಾನು ನೋಡ್ಕೋತೀನಿ. ನಾಳೆ ಬೆಳಿಗ್ಗೆನೇ ನನ್ನ ವಿಮಾನ ತಗೊಂಡು ಹೊರಟೆ.”

“ಮೈನಸ್ ನಲವತ್ನಾಲ್ಕರಲ್ಲಾ?”

“ಏ, ಅದು ನಾಯಿಗಳ ಲೆಕ್ಕ ಕಣೋ. ನಿಲ್ದಾಣದಲ್ಲಿ ಮೂವತ್ತೆಂಟೇ ಅಲ್ವಾ!”