ದೊಡ್ಡಪ್ಪ ಒಪ್ಪುವ ಬಾಡಿಗೆ ಮನೆ

ನಮ್ಮ ದೊಡ್ಡಪ್ಪನಿಗೆ ಹಿಡಿಸುವಂಥ ಬಾಡಿಗೆ ಮನೆಯನ್ನು ಚಳ್ಳಕೆರೆಯಲ್ಲಿ ಇನ್ನೂ ಯಾರೂ ಕಟ್ಟಿಲ್ಲ! ಅರಮನೆ ತೋರಿಸಿದರೂ ಕಂಬ ಜಾಸ್ತಿಯಾಯಿತು ಅನ್ನುವ ಜೀವ ಅದು.

ಪರಶುರಾಂಪುರದ ಕಡೆಯ ನಮ್ಮೂರಿನಿಂದ ವರ್ಷವರ್ಷವೂ ಒಂದಷ್ಟು ಸಂಸಾರಗಳು ಪೇಟೆ ಸೇರುತ್ತಿವೆ. ದುಡಿಮೆ ಅಲ್ಲಿ, ಮನೆ ಇಲ್ಲಿ ಅಂದರೆ ಎಷ್ಟು ದಿನ ಬಸ್ಸಿನಲ್ಲಿ ನೇತಾಡೋದು? ಆದರೆ ಗಂಟುಮೂಟೆ ಕಟ್ಟುವ ಮುಂಚೆ ದೊಡ್ಡಪ್ಪನನ್ನು ಕರೆದೊಯ್ದು ಮನೆ ತೋರಿಸಬೇಕು. ಈ ಪದ್ಧತಿ ಮಾಡಿದವರು ಯಾರು ಅಂತೀರಾ? ಇನ್ಯಾರು, ದೊಡ್ಡಪ್ಪನೇ!

ಎಣ್ಣೆ ಮಿಲ್ಲಿನ ಕೆಲಸಕ್ಕೆ ಸೇರಿದ ಪಕ್ಕದ ಮನೆಯವರು ಒಂದು ಮನೆ ನೋಡಿಟ್ಟಿದ್ದರು. ದೊಡ್ಡಪ್ಪ ಹೋದವನೇ ಅಡುಗೆಮನೆಯಲ್ಲಿ ಉದ್ದಕ್ಕೆ ಮಲಗಿದ. ಕಾಲು ಬಾಗಿಲಾಚೆ ಬಂತು. "ಇಲ್ಲಿ ಸತ್ರೆ ಮಡಚಿ ಹೊರಗೆ ತರ್ಬೇಕಾಗ್ತೈತೆ" ಅಂದ. ಓನರಮ್ಮ ಅಲ್ಲೇ ಬೀಗದ ಕೈ ವಾಪಸ್ ಇಸ್ಕೊಂಡಳು.

ಇನ್ನೊಂದು ಮನೆಯಲ್ಲಿ ಕುರಿ ಕಟ್ಟೋಕೆ ಜಾಗವಿಲ್ಲ ಅಂತ ತಕರಾರು. ಅದು ಮೂರನೇ ಮಹಡಿ! ಹೋಗುವವನ ಹತ್ತಿರ ಕುರಿಯೂ ಇರಲಿಲ್ಲ. ಮುಂದೆ ಸಾಕಬೇಕು ಅನ್ನಿಸಿದರೆ ಏನು ಮಾಡ್ತೀಯ ಅಂತ ದೊಡ್ಡಪ್ಪನ ಪ್ರಶ್ನೆ. ಹಾಗಂತ ಯಾರಾದರೂ ಊರಲ್ಲಿ ಉಳಿದರಾ? ಅವನನ್ನು ಬಸ್ಸು ಹತ್ತಿಸಿ, ಬೇರೆ ಮನೆ ಹಿಡಿದರು.

ಈ ಸಲ ಸರದಿ ನನ್ನದು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ನಾನು ವೆಲ್ಡಿಂಗ್ ಮಾಡಿದ ಟ್ರೇಲರ್ ಬೆಸುಗೆ ಬಿಟ್ಟುಕೊಂಡಿತು ಅಂತ ಯಾರೂ ವಾಪಸ್ ತಂದಿಲ್ಲ. ಚಳ್ಳಕೆರೆಯಲ್ಲಿ ಕೆಲಸ ಮುಗಿಸಿ ಊರು ತಲುಪುವಷ್ಟರಲ್ಲಿ ಎರಡು ವರ್ಷದ ಮಗಳು ದೊಡ್ಡಪ್ಪನ ಹೆಗಲ ಮೇಲೆ ನಿದ್ದೆ ಹೋಗಿರುತ್ತಾಳೆ. ಅವಳು ಏಳುವ ಮುಂಚೆ ನನ್ನ ಬಸ್ಸು. ಒಂದು ಭಾನುವಾರ ಎತ್ತಿಕೊಳ್ಳಲು ಹೋದರೆ, ಯಾರೋ ಬಂದರು ಅನ್ನುವ ಹಾಗೆ ದೊಡ್ಡಪ್ಪನ ಪಂಚೆ ಹಿಂದೆ ಅವಿತುಕೊಂಡಳು. ಆ ವಾರವೇ ನಾನು ಮನೆ ಹುಡುಕಿದೆ.

ಸಿಕ್ಕಿದ್ದು ಶೀಟಿನ ಮನೆ. ಇದ್ದ ಒಂದೇ ಕಿಟಕಿಗೂ ಎದುರು ಗೋಡೆ. ಉಗಿಸಿಕೊಳ್ಳಲು ತಯಾರಾಗಿಯೇ ದೊಡ್ಡಪ್ಪನನ್ನು ಒಳಗೆ ಬಿಟ್ಟೆ. ಅವನು ಮಲಗಿ ನೋಡಲಿಲ್ಲ, ಕಿಟಕಿ ತೆರೆಯಲೂ ಇಲ್ಲ. ಸೀದಾ ಓನರಮ್ಮನ ಹತ್ತಿರ ಹೋಗಿ ನಿಂತ.

"ಅಮ್ಮಾ, ಕೂಸು ಒಂದೆರಡು ದಿನ ಸಂಜೆ ಅಳ್ತೈತೆ. ಬ್ಯಾಸರ ಮಾಡ್ಕಬ್ಯಾಡ್ರಿ."

ಆಮೇಲೆ ನನ್ನನ್ನು ಬಾಗಿಲ ಹತ್ತಿರ ಕರೆದು, ತನ್ನ ಹೆಗಲು ತಟ್ಟಿ ತೋರಿಸಿದ.

"ಎಡಗಡೆಗೇ ಹಾಕ್ಕಳ್ಳೋ. ಬಲಗಡೆಗೆ ಮಲಗಲ್ಲ ಅವಳು."