ಮಂತ್ರಿಗಳಿಗೊಂದು ಮಹಜರು

ಕೂಟಗಲ್ ಸೀಮೆಯಲ್ಲಿ ಬಾಣಂತನ ಮಾಡಬಲ್ಲ ಗಂಡಸು ಒಬ್ಬರೇ ಇದ್ದರು, ಅವರು ನನ್ನ ಸೋದರಮಾವ! ನಗಬೇಡಿ. ಮಗಳು ಸುಧಾ ಮೂರು ತಿಂಗಳ ಕೂಸಾಗಿದ್ದಾಗ ಅತ್ತೆ ತೀರಿಕೊಂಡರು. ಅಂದಿನಿಂದ ಕೂಸಿಗೆ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿ ನೀರೆರೆದು, ಸಾಂಬ್ರಾಣಿ ಹೊಗೆ ಹಿಡಿದವರು ಮಾವನೇ. ಕೈ ಎಷ್ಟು ಪಳಗಿತೆಂದರೆ, ತಂತಮ್ಮ ಹೆಣ್ಣುಮಕ್ಕಳ ಹೆರಿಗೆ ಮಾಡಿಸಿದ ತಾಯಂದಿರೂ ಸಲಹೆ ಕೇಳಲು ಇವರ ಹುಳದ ಮನೆಗೆ ಬರುತ್ತಿದ್ದರು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಲೇ ಮಾವ, ಬಾಣಂತಿ ಖಾರಕ್ಕೆ ಮೆಣಸೆಷ್ಟು, ಶುಂಠಿಯೆಷ್ಟು ಎಂದು ಹೇಳಿಕೊಡುವರು.

ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಎದ್ದ ಕಾಲವದು. ಅಲ್ಲಿ ವೆಲ್ಡಿಂಗ್ ಕಲಿತ ಅಳಿಯ, ಸುಧಾಳನ್ನು ಕರೆದುಕೊಂಡು ಕಡಲಾಚೆಯ ಒಂದು ದೇಶಕ್ಕೆ ಹೋದ. ದೇಶದ ಹೆಸರು ಬೇಡ ಬಿಡಿ, ಮಾವನ ಬಾಯಿಗೂ ಅದು ಕೊನೆಯವರೆಗೆ ಸರಿಯಾಗಿ ಬರಲಿಲ್ಲ. ಕೆಲವು ತಿಂಗಳಿಗೆ ಸುಧಾ ಬಸುರಿಯೆಂದು ಫೋನು ಬಂತು. ವಿಮಾನ ಹತ್ತಕೂಡದೆಂದು ಡಾಕ್ಟರು ಹೇಳಿದ್ದರಿಂದ ಅವಳು ಊರಿಗೆ ಬರುವಂತಿರಲಿಲ್ಲ. ಚೊಚ್ಚಲ ಹೆರಿಗೆ ತವರಿನದಲ್ಲವೇ? ಹಾಗಾದರೆ ತವರೇ ಅಲ್ಲಿಗೆ ಹೋಗುವುದೆಂದು ಮಾವ ತೀರ್ಮಾನಿಸಿದರು!

ರಾಮನಗರದಲ್ಲಿ ಇಂಗ್ಲಿಷ್ ಟೀಚರಾಗಿದ್ದ ನಾನೇ ವೀಸಾ ಅರ್ಜಿ ತುಂಬಿದೆ. ಭೇಟಿಯ ಉದ್ದೇಶ ಎಂಬಲ್ಲಿ ಪ್ರವಾಸ ಎಂದು ಬರೆಯಹೋದರೆ ಮಾವ ಕೆರಳಿದರು. ತಾನು ಊರು ನೋಡಲು ಹೋಗುತ್ತಿಲ್ಲ, ಕೆಲಸಕ್ಕೆ ಹೋಗುತ್ತಿರುವುದು ಎಂದರು. ಕೆಲಸ ಎಂದು ಬರೆದರೆ ಈ ಜನ್ಮದಲ್ಲಿ ವೀಸಾ ಸಿಗದೆಂದು ಅವರಿಗೆ ತಿಳಿಹೇಳುವಷ್ಟರಲ್ಲಿ ನನ್ನ ಭಾನುವಾರ ಮುಗಿದಿತ್ತು. ಕೊನೆಗೆ ಮಗಳ ಬಾಣಂತನ ಎಂದೇ ಬರೆದೆ.

ಅರ್ಜಿ ತಿರಸ್ಕೃತವಾಯಿತು. ಬಾಣಂತಿಯ ಆರೈಕೆಗೆ ಗಂಡಸು ಏಕೆಂದು ವೀಸಾ ಕಚೇರಿಯವರಿಗೆ ಅರ್ಥವಾಗಿರಲಿಲ್ಲ. ಹೋದವರು ಹಿಂದಿರುಗುತ್ತಾರೆಂಬ ನಂಬಿಕೆಯೂ ಇರಲಿಲ್ಲ. ಮೇಲ್ಮನವಿಗೆ ಅವಕಾಶವಿಲ್ಲ. ಆ ದೇಶದ ಮಂತ್ರಿಗಳು ತಮ್ಮ ವಿವೇಚನೆಯಿಂದ ಮರುಪರಿಶೀಲಿಸಬಹುದು, ಪರಿಶೀಲಿಸಲೇಬೇಕೆಂದೇನಿಲ್ಲ ಎಂದು ಅಳಿಯ ವಿಚಾರಿಸಿ ತಿಳಿಸಿದ. ನಾನು ಕೈಚೆಲ್ಲಿದೆ, ಮಾವ ಮಾತ್ರ ಗೆಲುವಾದರು. ತಾಲ್ಲೂಕು ಕಚೇರಿಯಲ್ಲಿ ಇಷ್ಟು ವರ್ಷ ಅವರು ಕಂಡದ್ದೆಲ್ಲ ಮನಸ್ಸು ಮಾಡಿದರೆ ಮಾಡಬಹುದಾದ ಸಾಹೇಬರುಗಳನ್ನೇ ತಾನೇ?

"ಮಂತ್ರಿಗೆ ಬಾಯ್ಮಾತು ಸಾಲಕಿಲ್ಲ ಕಣವ್ವ, ಮಹಜರು ಮಾಡ್ಸಾನ," ಎಂದರು.

ಜಮೀನಿನ ತಕರಾರಿದ್ದರೆ ಊರಿನ ಪಂಚರು ಸ್ಥಳಕ್ಕೆ ಬಂದು, ಕಂಡದ್ದನ್ನು ಬರೆಸಿ ಸಹಿ ಹಾಕುವುದೇ ಮಹಜರು. ಬಾಣಂತನಕ್ಕೆ ಮಹಜರು ಮಾಡಿಸಿದ ಮಹಾನುಭಾವರು ಭೂಮಂಡಲದಲ್ಲಿ ಇನ್ನೊಬ್ಬರಿದ್ದರೆ ನನಗೆ ತಿಳಿಸಿ! ಮರುದಿನವೇ ಐದು ಜನ ಪಂಚರು ಬಂದು ಜಗಲಿಯ ಮೇಲೆ ಕೂತರು. ಪಕ್ಕದ ಮನೆಯ ಕೂಸನ್ನು ಎರವಲು ತಂದು, ಮಾವ ಎಲ್ಲರೆದುರು ಎಣ್ಣೆ ತಿಕ್ಕಿ ನೀರೆರೆದರು. ಕೂಸು ನಿದ್ದೆ ಹೋಯಿತು, ಪಂಚರಲ್ಲೂ ಒಬ್ಬರು ತೂಕಡಿಸಿದರು. ಆಮೇಲೆ ಬರೆಸಿದ್ದು ಹೀಗಿತ್ತು: 'ಸದರಿ ಆಸಾಮಿಯು ನಮ್ಮ ಸಮಕ್ಷಮ ಕೂಸಿಗೆ ನೀರೆರೆದಿದ್ದು, ಕೂಸು ಅಳಲಿಲ್ಲ. ಇವರ ಹಿಪ್ಪುನೇರಳೆ ತೋಟಕ್ಕೆ ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಬಂಡೆ. ಈ ತೋಟ ಬಿಟ್ಟು ಮೂರು ತಿಂಗಳ ಮೇಲೆ ಎಲ್ಲಿಯೂ ಇರಲಾರರು.' ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ನಾನು ಪಟ್ಟ ಪಾಡು ಆ ದೇವರಿಗೇ ಗೊತ್ತು. ಇಬ್ಬರು ಪಂಚರು ಹೆಬ್ಬೆಟ್ಟು ಒತ್ತಿದ್ದೇಕೆಂದು ಮಂತ್ರಿಗಳಿಗೆ ಬೇರೆ ವಿವರಣೆ ಬರೆದೆ.

ಎರಡು ಬೆಳೆ ರೇಷ್ಮೆಗೂಡು ಮಾರಾಟವಾದರೂ ಉತ್ತರವಿಲ್ಲ. ಸುಧಾಳಿಗೆ ಎಂಟು ತುಂಬುತ್ತಿತ್ತು. ಪೋಸ್ಟ್‌ಮ್ಯಾನ್ ಕಂಡರೆ ಮಾವ ಎದ್ದು ನಿಲ್ಲುವರು, ಅವನು ಇಲ್ಲವೆಂದು ತಲೆಯಾಡಿಸಿದರೆ ಮತ್ತೆ ಸೊಪ್ಪು ಹೆಚ್ಚುತ್ತಾ ಕೂರುವರು. ಅವರನ್ನು ರೇಗಿಸಲು ನನಗೂ ಮನಸ್ಸು ಬರುತ್ತಿರಲಿಲ್ಲ.

ಕೊನೆಗೂ ಅನುಮತಿ ಬಂತು, ಮೂರು ತಿಂಗಳ ಮಟ್ಟಿಗೆ! ಹಿಂದೆಯೇ ಸುಧಾಳ ಕಾಗದವೂ ಬಂತು. ಸಂಬಂಧದಲ್ಲಿ ಯಾರಾದರೂ ಹೆಂಗಸರು ಬರಲಾಗದೇ ಎಂದು ಮಂತ್ರಿಗಳ ಕಚೇರಿಯವರು ಅವಳನ್ನು ಕೇಳಿದ್ದರಂತೆ. ತಾನು ಕೊಟ್ಟ ಉತ್ತರವನ್ನು ಅವಳು ಕನ್ನಡದಲ್ಲಿ ಬರೆದಿದ್ದಳು. ನಾನು ಮಾವನಿಗೆ ಓದಿ ಹೇಳಿದೆ.

"ನೋವಾದ್ರೆ ಎಲ್ರೂ ಅವ್ವಾ ಅಂತಾರೆ. ನನ್ನ ಬಾಯಿಗೆ ಬರೋದು ಅಪ್ಪಾ ಅಂತ. ಹೆರಿಗೆ ನೋವಲ್ಲೂ ಅದೇ ಬರ್ತದೆ. ಕೂಗಿದಾಗ ಅವರು ಇಲ್ಲಿರಲಿ."

ಮಾವ ಹೆಚ್ಚುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟರು. ಆಮೇಲೆ, "ಇನ್ನೊಂದ್ ಸಲ ಓದವ್ವ," ಎಂದರು.

ಓದಲು ಹೋದೆ. 'ಅಪ್ಪಾ' ಎಂಬಲ್ಲಿಗೆ ಬಂದಾಗ ನನ್ನಿಂದಾಗಲಿಲ್ಲ, ಕಾಗದವನ್ನು ಅವರ ಕೈಗೇ ಕೊಟ್ಟೆ.