ಸೆರೆಮನೆಯಲ್ಲಿಲ್ಲದ ದರ್ಜಿಯ ಅರ್ಜಿ ಕುರಿತು

ಮೇಲ್ಮನವಿ ನ್ಯಾಯಾಲಯ, ಅರ್ಜಿ ಸ್ವೀಕಾರ ಶಾಖೆ
(ಮೆಟ್ಟಿಲ ಕೆಳಗಿನ ಕೋಣೆ)

ಸುತ್ತೋಲೆ ಸಂಖ್ಯೆ: ಅಸ್ವೀ/ಬಡಬಂದಿ/ಹಿಂತೆಗೆತ/1

ವಿಷಯ: ಬಡ ಕೈದಿಗಳ ಹೇಬಿಯಸ್ ಕಾರ್ಪಸ್ ಅರ್ಜಿಗಳಿಗೆ ಹಾಕಿದ್ದ ಮಿತಿಗಳನ್ನು, ಹಾಕಿದವರೇ ತೆಗೆದುಹಾಕುವ ಬಗ್ಗೆ.

ಉಲ್ಲೇಖ: (1) ಇದೇ ಶಾಖೆಯ ಹಿಂದಿನ ಸುತ್ತೋಲೆ. (2) ದರ್ಜಿಯೊಬ್ಬರು ಏಳು ಬಾರಿ ಕಳುಹಿಸಿದ ಅರ್ಜಿ. (3) ಕೆಳಗೆ ಸಹಿ ಮಾಡಿರುವವರ ಹರಿದ ಪ್ಯಾಂಟು.

ತಪ್ಪಾಗಿ ಹಿಡಿದಿಟ್ಟ ಮನುಷ್ಯನನ್ನು ಕಣ್ಣೆದುರು ತಂದು ನಿಲ್ಲಿಸಿ ಎಂದು ಕೋರುವ ಅರ್ಜಿಗಳು ಈ ಶಾಖೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬೆಳೆದಿದ್ದವು. ಅವುಗಳಲ್ಲಿ ಮುಕ್ಕಾಲು ಪಾಲು ವಕೀಲರಿಲ್ಲದ ಬಡವರವು. ಅವು ನ್ಯಾಯಾಧೀಶರ ತನಕ ಹೋಗದಂತೆ, ಕೆಳಗೆ ಸಹಿ ಮಾಡಿರುವ ಮುಖ್ಯ ಗುಮಾಸ್ತರು (ಇನ್ನು ಮುಂದೆ ‘ಸದರಿ ಗುಮಾಸ್ತರು’) ಈ ಕೆಳಗಿನ ಮಿತಿಗಳನ್ನು ರಚಿಸಿ, ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡಿದ್ದರು:

1. ಅರ್ಜಿಯ ಎಡಕ್ಕೆ ನಾಲ್ಕು ಬೆರಳು ಅಂಚು ಬಿಟ್ಟು ಗೆರೆ ಎಳೆಯತಕ್ಕದ್ದು. ಬೆರಳು ಸದರಿ ಗುಮಾಸ್ತರದ್ದು.

2. ಅನ್ಯಾಯವು ಒಂದು ಪುಟವನ್ನು ಮೀರತಕ್ಕದ್ದಲ್ಲ. ಮೀರಿದಲ್ಲಿ ಯಾವ ಭಾಗವನ್ನು ಸಹಿಸಿಕೊಳ್ಳಬೇಕೆಂದು ಅರ್ಜಿದಾರನೇ ತೀರ್ಮಾನಿಸತಕ್ಕದ್ದು.

3. ಬಡತನದ ಪ್ರಮಾಣಪತ್ರವನ್ನು ಕೈದಿಯು ಖುದ್ದಾಗಿ ಹೊರಗೆ ಹೋಗಿ ತರತಕ್ಕದ್ದು.

4. ಕೈದಿಯು ಸೆರೆಮನೆಯಲ್ಲಿ ಇದ್ದಾನೆಂದು ಸೆರೆಮನೆಯ ದಾಖಲೆ ಪುಸ್ತಕ ಹೇಳತಕ್ಕದ್ದು. ಕೈದಿ ಹೇಳಿದರೆ ಸಾಲದು.

ಈ ಮಿತಿಗಳನ್ನು ಏಕೆ ಹಿಂಪಡೆಯಲಾಯಿತೆಂಬುದನ್ನು ಸಿಬ್ಬಂದಿಯ ಅವಗಾಹನೆಗಾಗಿ ಈ ಮೂಲಕ ನಿವೇದಿಸಲಾಗಿದೆ.

5. ಅರ್ಜಿದಾರರು ದರ್ಜಿ. ಶಿಕ್ಷೆ ಮೂರು ವರ್ಷ. ಅದು ಮುಗಿದು ಹತ್ತೊಂಬತ್ತು ತಿಂಗಳಾಗಿತ್ತು. ಅಂಚು ಸಾಲದೆಂದು ಅರ್ಜಿ ಎರಡು ಸಲ ವಾಪಸಾಯಿತು. ಸ್ಕೇಲು ಸಿಗದೆ ಅವರು ಮೂರನೆಯ ಸಲ ಕಾಗದದ ಮೇಲೆ ಕಪ್ಪು ದಾರದಲ್ಲಿ ಗೆರೆಯನ್ನು ಹೊಲಿದು ಕಳುಹಿಸಿದರು. ಹೊಲಿಗೆ ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ. ಸದರಿ ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ಮೆಚ್ಚಿ, ‘ಗೆರೆ ಶಾಯಿಯಲ್ಲಿರತಕ್ಕದ್ದು’ ಎಂದು ಷರಾ ಬರೆದು ವಾಪಸು ಮಾಡಿದರು.

6. ತಿಂಗಳಿಗೊಂದರಂತೆ ಪ್ರತಿ ಸಲವೂ ಅರ್ಜಿಯನ್ನು ಹೊತ್ತು ತಂದವರು ದರ್ಜಿಯ ಅಕ್ಕ. ಆರನೆಯ ಸಲ ಅವರು ಕಿಟಕಿಯ ಸರಳು ಹಿಡಿದು ಕೇಳಿದರು: “ಸಾರ್, ನನ್ನ ತಮ್ಮ ಒಳಗಿರೋದು ತಪ್ಪು ಅಂತ ಬರ್ದಿದಾನೆ. ಅಂಚು ಬಿಟ್ಟು ಬರೆದ್ರೂ ಅದು ತಪ್ಪೇ, ಬಿಡದೆ ಬರೆದ್ರೂ ತಪ್ಪೇ ಅಲ್ವಾ?” ಸದರಿ ಗುಮಾಸ್ತರು “ಊಟದ ಹೊತ್ತು ಕಣಮ್ಮಾ” ಎಂದು ಕಿಟಕಿ ಮುಚ್ಚಿದರು. ಆಗ ಗಂಟೆ ಹನ್ನೊಂದು.

7. ಏಳನೆಯ ಅರ್ಜಿಯಲ್ಲಿ ಎಲ್ಲವೂ ಸರಿಯಿತ್ತು. ಬಡತನದ ಪ್ರಮಾಣಪತ್ರವನ್ನೂ ತಮ್ಮನ ಪರವಾಗಿ ಅಕ್ಕ ಹೇಗೋ ತಂದಿದ್ದರು. ಆದರೆ ಸೆರೆಮನೆಯ ಪುಸ್ತಕದಲ್ಲಿ ದರ್ಜಿಯ ಹೆಸರಿನ ಮುಂದೆ ‘ಬಿಡುಗಡೆಯಾಗಿದೆ’ ಎಂದಿತ್ತು. ಕಳ್ಳ ಸಿಕ್ಕಿಬಿದ್ದನೆಂದು ಹಿಗ್ಗಿದ ಸದರಿ ಗುಮಾಸ್ತರು ತನಿಖೆಗೆ ತಾವೇ ಹೊರಟರು. ಸೆರೆಮನೆಯ ಗೇಟಿನ ಅಗುಳಿಗೆ ಸಿಕ್ಕಿ ಅವರ ಪ್ಯಾಂಟು ಹಿಂಭಾಗದಲ್ಲಿ ಒಂದು ಗೇಣು ಹರಿಯಿತು. ಕಾವಲುಗಾರ ನಗು ತಡೆದುಕೊಂಡು, “ಚಿಂತೆ ಬಿಡಿ ಸಾರ್, ನಮ್ಮ ಟೈಲರ್ ಇದಾನೆ. ಇಡೀ ಸಿಬ್ಬಂದಿ ಬಟ್ಟೆ ಅವನದ್ದೇ ಕೈ. ಅವನನ್ನ ಬಿಟ್ರೆ ಇಂಥವನು ನಮಗೆ ಎಲ್ಲಿ ಸಿಗ್ತಾನೆ?” ಎಂದ.

8. ಸದರಿ ಗುಮಾಸ್ತರು ಸೊಂಟಕ್ಕೆ ಕಂಬಳಿ ಸುತ್ತಿಕೊಂಡು ಸ್ಟೂಲಿನ ಮೇಲೆ ಕುಳಿತರು. ಎದುರಿಗೆ ಸಮವಸ್ತ್ರಗಳ ರಾಶಿ, ರಾಶಿಯ ಹಿಂದೆ ಸಣಕಲು ಮನುಷ್ಯ. ಹೊಲಿಯುತ್ತಲೇ ಅವರು, “ಸಾರ್ ಯಾವ ಆಫೀಸು?” ಎಂದರು. ಹೇಳಿದ ಕೂಡಲೇ ಸೂಜಿ ನಿಂತಿತು. “ಹಾಗಾದ್ರೆ ನನ್ನ ಅರ್ಜಿ ನೋಡಿರ್ತೀರಿ. ಪುಸ್ತಕದಲ್ಲಿ ನಾನು ಮನೆಗೆ ಹೋಗಿಬಿಟ್ಟಿದೀನಿ ಸಾರ್. ಊಟದ ಪಟ್ಟೀಲೂ ಹೆಸರಿಲ್ಲ. ಪಕ್ಕದವರು ತಮ್ಮ ತಟ್ಟೆಯಿಂದ ಎರಡೆರಡು ತುತ್ತು ಹಾಕ್ತಾರೆ. ಈ ಸಲ ಏನು ಕಮ್ಮಿಯಾಗಿತ್ತು ಸಾರ್?” ಎದ್ದು ಹೋಗೋಣವೆಂದರೆ ಪ್ಯಾಂಟು ದರ್ಜಿಯ ಮಡಿಲಲ್ಲಿತ್ತು.

9. ಮರುದಿನ ಬೆಳಿಗ್ಗೆ ಅರ್ಜಿಯನ್ನು ನ್ಯಾಯಾಧೀಶರ ಮೇಜಿನ ಮೇಲೆ ಇಡಲಾಯಿತು. “ಇದನ್ನ ಏಳು ತಿಂಗಳು ತಡೆದಿದ್ದು ಯಾರ್ರೀ?” ಎಂದು ಅವರು ಕೇಳಿದರು. “ನಾನೇ, ಸ್ವಾಮಿ” ಎಂದು ಉತ್ತರಿಸಲಾಯಿತು. ಕೇಳಿ ಕಳುಹಿಸಿದ್ದಕ್ಕೆ, ಅಂಥ ವ್ಯಕ್ತಿ ನಮ್ಮಲ್ಲಿಲ್ಲವೆಂದು ಸೆರೆಮನೆಯವರು ಬರೆದು ಕಳುಹಿಸಿದರು. “ಇಲ್ಲದವನನ್ನ ಇಟ್ಕೊಳ್ಳೋಕೆ ನಿಮಗೆ ಹಕ್ಕೂ ಇಲ್ಲ. ಮೂರು ಗಂಟೆಯೊಳಗೆ ಕರ್ಕೊಂಡು ಬನ್ನಿ” ಎಂದು ಆದೇಶವಾಯಿತು. ಮೂರಕ್ಕೆ ಹತ್ತು ನಿಮಿಷ ಇರುವಾಗ ದರ್ಜಿ ನ್ಯಾಯಾಲಯದಲ್ಲಿ ನಿಂತಿದ್ದರು, ಮೂರೂಕಾಲಕ್ಕೆ ಬಿಡುಗಡೆಯಾದರು. ಪಡಸಾಲೆಯಲ್ಲಿ ಅಕ್ಕ ತಮ್ಮನ ಎರಡೂ ಕೈ ಹಿಡಿದು, ಸೂಜಿ ಚುಚ್ಚಿ ಒರಟಾದ ಬೆರಳುಗಳನ್ನು ಒಂದೊಂದಾಗಿ ನೋಡಿದರು. ಸದರಿ ಗುಮಾಸ್ತರು ಹತ್ತಿರ ಹೋಗಿ ಎರಡು ಬಾರಿ ಕೆಮ್ಮಿದರು. ಕ್ಷಮೆ ಕೇಳಲು ಈ ಶಾಖೆಯಲ್ಲಿ ನಿಗದಿತ ನಮೂನೆ ಇರುವುದಿಲ್ಲ. ಅಕ್ಕ ತಿರುಗಿ ನೋಡದೆ ತಮ್ಮನನ್ನು ಕರೆದುಕೊಂಡು ಮೆಟ್ಟಿಲಿಳಿದರು.

10. ಆದ್ದರಿಂದ ಒಂದರಿಂದ ನಾಲ್ಕರವರೆಗಿನ ಮಿತಿಗಳು ಇಂದಿನಿಂದ ರದ್ದು. ಯಾವ ಕಾಗದದ ಮೇಲೆ, ಯಾವುದರಲ್ಲಿ ಬರೆದು ಬಂದರೂ ಅರ್ಜಿಯನ್ನು ಅದೇ ದಿನ ನ್ಯಾಯಾಧೀಶರ ಮುಂದಿಡತಕ್ಕದ್ದು. ಸಂದೇಹ ಬಂದಲ್ಲಿ ಸಿಬ್ಬಂದಿಯು ಸೆರೆಮನೆಗೆ ಹೋಗಿ ಮನುಷ್ಯನನ್ನೇ ನೋಡತಕ್ಕದ್ದು.

(ಸಹಿ)
ಮುಖ್ಯ ಗುಮಾಸ್ತ

ಪ್ರತಿಗಳು:
1. ಸೆರೆಮನೆಯ ಅಧಿಕಾರಿಗಳಿಗೆ: ಹೆಸರುಗಳ ಬದಲು ತಲೆಗಳನ್ನು ಎಣಿಸುವ ಕೋರಿಕೆಯೊಂದಿಗೆ.
2. ಶಾಖೆಯ ನಾಲ್ವರು ಗುಮಾಸ್ತರಿಗೆ: ನಗದೆ ಓದಿ ಸಹಿ ಹಾಕುವುದು.
3. ಕಚೇರಿ ಕಡತಕ್ಕೆ.
4. ಅರ್ಜಿದಾರರ ಅಕ್ಕನವರಿಗೆ: ಅವರಿಗೆ ಓದು ಬಾರದಿರುವುದರಿಂದ ಸದರಿ ಗುಮಾಸ್ತರೇ ಮನೆಗೆ ಹೋಗಿ ಓದಿ ಹೇಳತಕ್ಕದ್ದು. ಒಳಗೆ ಕರೆಯದಿದ್ದಲ್ಲಿ ಬೀದಿಯಲ್ಲೇ ನಿಂತು, ಗಟ್ಟಿಯಾಗಿ ಓದತಕ್ಕದ್ದು.